ಸತ್ತವರಿಗೆ ಕೋಡುಬಳೆ

ನನ್ನ ಆಟದಲ್ಲಿ ಸತ್ತವನು ಸತ್ತ ಹಾಗೇ! ಯಮನಾದರೂ ಶಿಫಾರಸಿಗೆ ಬಗ್ಗಿಯಾನು, ನಾನು ಬಗ್ಗುವವನಲ್ಲ! ಎರಡು ಸಾವಿರದ ಮೂರನೇ ಇಸವಿಯ ಒಂದು ಭಾನುವಾರ, ಗುಬ್ಬಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹೀಗೆಂದು ಘೋಷಿಸಿದೆ.

ಆಟ ಸುಲಭ. ನಾನು ಕಥೆ ಹೇಳುತ್ತೇನೆ. ಆಡುವವರು ಆ ಕಥೆಯೊಳಗಿನ ವೀರರಾಗಿ, ಮುಂದೇನು ಮಾಡುತ್ತೇವೆಂದು ಹೇಳಿ ದಾಳ ಹಾಕುತ್ತಾರೆ. ದಾಳ ಬಿದ್ದ ಹಾಗೆ ಹಣೆಬರಹ! ಇದರ ಇಂಗ್ಲಿಷ್ ನಿಯಮಪುಸ್ತಕ ತುಮಕೂರಿನ ಹಳೇ ಪೇಪರ್ ಅಂಗಡಿಯಲ್ಲಿ ಸಿಕ್ಕಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ಮಳೆಗಾಲವಿಡೀ ಓದಿದ್ದೆ. ಪಿಯುಸಿಯನ್ನು ಇಷ್ಟು ಶ್ರದ್ಧೆಯಿಂದ ಓದಿದ್ದರೆ ಅದನ್ನು ಅರ್ಧಕ್ಕೆ ಬಿಡಬೇಕಾಗಿರಲಿಲ್ಲ!

ಆಡುತ್ತಿದ್ದವರು ತಂಗಿ ಬಿಂದುಶ್ರೀ, ಪಕ್ಕದ ಮನೆಯ ತಿಮ್ಮೇಶ, ಆಳು ಸಾಲದೆ ಸೇರಿಸಿಕೊಂಡ ಅಜ್ಜಿ ಗಂಗಲಕ್ಷ್ಮಮ್ಮ. ಕಾಲೇಜು ಬಿಟ್ಟ ಮೇಲೆ ಮನೆಯಾಚೆಯಿಂದ ನನ್ನನ್ನು ಹುಡುಕಿಕೊಂಡು ಬರುತ್ತಿದ್ದವನು ತಿಮ್ಮೇಶನೊಬ್ಬನೇ.

ಅವನೇ ಮೊದಲು ಸತ್ತ! ರಾಕ್ಷಸನ ಕೋಟೆಯ ಕಂದಕ ಹಾರಲು ಹೋದ. ದಾಳದಲ್ಲಿ ಬಿದ್ದದ್ದು ಒಂದು. ಅವನ ವೀರ ಕಂದಕದ ಪಾಲಾದ.

“ಇನ್ನೊಂದ್ ಸಲ ಹಾಕ್ತೀನಿ ಕಣೋ.”

“ಆಗಲ್ಲ. ನೀನು ಸತ್ತೆ.”

“ಹಂಗಾದ್ರೆ ಹೆಣಕ್ಕೇನ್ ಕೆಲ್ಸ ಇಲ್ಲಿ? ಬರ್ತೀನಿ. ಇನ್ಮೇಲೆ ಭಾನ್ವಾರ ಕ್ರಿಕೆಟ್ಟಿಗೆ ಹೋಗ್ತೀನಿ.”

ಎದ್ದೇಬಿಟ್ಟ! ತಡೆಯೋಣವೆಂದರೆ ನಿಯಮ; ಬಿಡೋಣವೆಂದರೆ ಇರುವವನೊಬ್ಬನೇ ಗೆಳೆಯ.

ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. “ಕೂತ್ಕೊಳ್ಳಾ ತಿಮ್ಮೇಸ. ಸತ್ತೋರು ಎಲ್ಲಿಗ್ಲಾ ಹೋಯ್ತಾರೆ? ನೀನೀಗ ನನ್ನ ಮೈಮೇಲೆ ಬಂದಿದೀಯ. ಮಾತಾಡು.”

“ಅಜ್ಜೀ, ಪುಸ್ತಕದಲ್ಲಿ ಹಂಗೆಲ್ಲ ಇಲ್ಲ!”

“ಅದ್ನ ಬರ್ದೋನ ಮನೇಲಿ ಯಾರೂ ಸತ್ತೇ ಇಲ್ವೇನ್ಲಾ?”

ಪುಸ್ತಕವಿಡೀ ತಿರುವಿದೆ. ಉತ್ತರವಿರಲಿಲ್ಲ!

ತಿಮ್ಮೇಶ ಕೂತ. ಕಣ್ಣು ಮೇಲೆ ಮಾಡಿ ಹೂಂಕರಿಸಿದ: “ಎಡೆ ಇಡ್ರೋ! ಕೋಡುಬಳೆ!”

ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡದ ಮನೆ ನಮ್ಮ ಕಡೆ ಉಂಟೆ? ಬಿಂದು ಡಬ್ಬ ತಂದಳು. ಹೆಣ ಕರುಂಕುರುಂ ಎಂದು ತಿಂದಿತು! ತಿಂದು, “ಕೋಟೆ ಹಿಂದ್ಗಡೆ ಒಂದ್ ಬಾಗ್ಲೈತೆ. ದೆವ್ವ ಅಲ್ವಾ, ಗೋಡೆ ತೂರ್ಕೊಂಡು ಹೋಗಿ ನೋಡ್ಕೊಂಡ್ ಬಂದೆ” ಎಂದಿತು. ಅಜ್ಜಿ, ಬಿಂದು ಆ ಬಾಗಿಲಿಂದಲೇ ಒಳಗೆ ನುಗ್ಗಿದರು. ನಾನು ತಿಂಗಳುಗಟ್ಟಲೆ ಸಾಕಿ ಸಲಹಿದ್ದ ರಾಕ್ಷಸ ಎರಡೇ ದಾಳಕ್ಕೆ ಮಣ್ಣುಮುಕ್ಕಿದ!

“ಅಣ್ಣಾ, ನನ್ನೂ ಸಾಯ್ಸು!” ಎಂದಳು ಬಿಂದು.

“ತಡಿಯೇ, ವಯಸ್ಸಲ್ಲಿ ದೊಡ್ಡೋಳು ನಾನು. ಮೊದ್ಲು ನಾನ್ ಸಾಯ್ಬೇಕು!” ಎಂದಳು ಅಜ್ಜಿ.

ಸಂಜೆಯ ಹೊತ್ತಿಗೆ ಎಲ್ಲರೂ ದೆವ್ವ, ಡಬ್ಬ ಖಾಲಿ. ಬದುಕುಳಿದವನು ನಾನೊಬ್ಬ, ಎಡೆ ಇಡುವ ಕರ್ಮವೂ ನನ್ನದೇ!

ಮುಂದಿನ ಭಾನುವಾರ ತಿಮ್ಮೇಶ ಕ್ರಿಕೆಟ್ ತಂಡವನ್ನೇ ಕರೆದುಕೊಂಡು ಬಂದ! ಹೆಸರೂ ಗೊತ್ತಿಲ್ಲದ ಹುಡುಗರು. ಮಾತಾಡಿಸಲು ನನಗೆ ಸಂಕೋಚ. ಅವರಿಗೆ ಎಳ್ಳಷ್ಟೂ ಇಲ್ಲ. ಸೀದಾ ಅಡುಗೆಮನೆಗೇ ಇಣುಕಿ ಕೇಳಿದರು:

“ಗುರೂ, ನಾವು ಎಷ್ಟೊತ್ತಿಗೆ ಸಾಯೋದು?”

ಸೊಂಟಕ್ಕೆ ಟವೆಲ್ ಸುತ್ತಿ ಕೋಡುಬಳೆ ಹೊಸೆಯುತ್ತಿದ್ದ ನಾನು ತಲೆ ಎತ್ತದೆ ಬೇಡಿಕೊಂಡೆ:

“ಎಣ್ಣೆ ಕಾಯೋವರ್ಗಾದ್ರೂ ಬದುಕಿರ್ರಪ್ಪಾ!”