ಅಸಲಿ ಮ್ಯಾಕರೋನಿ, ಖಾಯಂ ನೌಕರಿ

ನಮ್ಮ ದೊಡ್ಡ ಸಾಹೇಬರು ಇಟಲಿ ದೇಶದಲ್ಲಿ ಎರಡು ವರ್ಷ ಇದ್ದು ಆಣೆಕಟ್ಟಿನ ವಿದ್ಯೆ ಕಲಿತು ಬಂದವರು ಎಂಬುದು ನನಗೆ ಮೊದಲೇ ಗೊತ್ತಿದ್ದರೆ, ದೇವರಾಣೆ, ಆ ದಿನ ಆಫೀಸಿನಲ್ಲಿ ನಾನು ಬಾಯಿ ಬಿಡುತ್ತಿರಲಿಲ್ಲ.

ಆಗ ನಾನು ಸಿಂಧನೂರಿನ ಕಾಲುವೆ ಆಫೀಸಿನಲ್ಲಿ ಹಂಗಾಮಿ ಗುಮಾಸ್ತ. ಹಂಗಾಮಿ ನೌಕರಿಯ ಜೊತೆ ಸಂಸಾರ ಮಾಡಿದವರಿಗೇ ಅದರ ಸುಖ ಗೊತ್ತು. ಜವಾನ ಬಾಗಿಲಲ್ಲಿ ನಿಂತು ಕೆಮ್ಮಿದರೂ ಅದು ನನಗೆ 'ನಾಳೆಯಿಂದ ಬರಬೇಡ' ಎಂದಂತೆಯೇ ಕೇಳುತ್ತಿತ್ತು. ನನ್ನನ್ನು ಖಾಯಂ ಮಾಡುವ ಕಾಗದ ಸಾಹೇಬರ ಮೇಜಿನ ಮೇಲೆ ಎಷ್ಟೋ ದಿನದಿಂದ ಮಲಗಿತ್ತು. ಅದನ್ನು ಎಬ್ಬಿಸಿರಿ ಎಂದು ಕೇಳುವುದಿರಲಿ, ಆ ಮೇಜಿನ ಕಡೆ ನೋಡಲಿಕ್ಕೂ ನನಗೆ ಹೆದರಿಕೆ.

ಯುದ್ಧದ ಕಾಲದಲ್ಲಿ ನಾನು ಪಲ್ಟನ್ನಿನ ಸಾಮಾನು ಕೋಠಿಯ ಕಾರಕೂನನಾಗಿ ಇಟಲಿಗೆ ಹೋಗಿದ್ದೆ. (ಗುಂಡು ಹಾರಿಸಿಲ್ಲ, ಬೂಟು ಎಣಿಸಿದ್ದೇನೆ.) ಕೋಠಿಯ ಹಿಂದಿನ ಮನೆಯ ಅಜ್ಜಿಯೊಬ್ಬಳು ಛತ್ರಿಯ ಕಡ್ಡಿಗೆ ಕಣಕ ಸುತ್ತಿ, ಹಲಗೆಯ ಮೇಲೆ ಉಜ್ಜಿ, ಕೊಳವೆಯಂಥ ಮ್ಯಾಕರೋನಿ ಮಾಡಿ ನನಗೂ ಒಂದು ಬಟ್ಟಲು ಕೊಡುತ್ತಿದ್ದಳು. ಊರಿಗೆ ಮರಳಿದ ಮೇಲೆ ಆ ರುಚಿಗೆ ಏಕಮೇವಾದ್ವಿತೀಯ ಪಂಡಿತ ನಾನೇ. ಸಿಂಧನೂರಿನಿಂದ ಮಸ್ಕಿಯವರೆಗೆ ನನ್ನ ಮಾತಿಗೆ ಎದುರಾಡುವವರಿರಲಿಲ್ಲ, ನನ್ನ ಹೆಂಡತಿ ಗುರುಲಿಂಗಮ್ಮನ ಹೊರತು. ಅವಳು ಶಾವಿಗೆ ಬಸಿದಾಗಲೆಲ್ಲ ನಾನು "ಇದು ಅಸಲಿ ಅಲ್ಲ" ಎನ್ನುತ್ತಿದ್ದೆ.

"ಶಾವಿಗಿ ಅಸಲೀನ ಐತಿ. ನಿಮ್ಮ ನಾಲಿಗಿ ನಕಲಿ," ಎನ್ನುತ್ತಿದ್ದಳು ಅವಳು.

ಆ ದಿನ ಆಫೀಸಿನಲ್ಲಿ ಯಾರೋ ಶಾವಿಗೆ ಪಾಯಸದ ಮಾತು ತೆಗೆದರು. ನಾನು ಸುಮ್ಮನಿರಲಾರದೆ, ಅಸಲಿ ಮ್ಯಾಕರೋನಿ ಮಾಡಲು ಈ ಜಿಲ್ಲೆಗೇ ನನಗೊಬ್ಬನಿಗೆ ಬರುತ್ತದೆ ಎಂದುಬಿಟ್ಟೆ. ತಿನ್ನಲು ಬರುತ್ತದೆ ಎನ್ನಬೇಕಾಗಿತ್ತು. ಹಿಂದೆ ಸಾಹೇಬರು ನಿಂತಿದ್ದರು.

"ಅಚ್ಛಾ! ಕರಿಬಸಪ್ಪ, ನಾ ಇಟಲಿ ಬಿಟ್ಟ ಮ್ಯಾಲೆ ಅಸಲಿ ಮ್ಯಾಕರೋನಿ ತಿಂದೇ ಇಲ್ಲ. ಹೈದರಾಬಾದಿನ್ಯಾಗ ಸಿಗೂದು ಎಲ್ಲಾ ನಕಲಿ ಮಾಲು. ಆಯ್ತವಾರ ನಿಮ್ಮ ಮನಿಗೇ ಬರ್ತೀನಿ. ನಿಮ್ಮ ಖಾಯಂ ಕಾಗದಾನೂ ನನ್ನ ನೆದರಿನ್ಯಾಗ ಅದ."

ಊಟವನ್ನೂ ಕಾಗದವನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು.

ಮನೆಗೆ ಬಂದು ಹೇಳಿದೆ. ಗುರುಲಿಂಗಮ್ಮ ಮೊರ ಕೆಳಗಿಟ್ಟಳು.

"ನಿಮಗ ಒಲಿ ಹಚ್ಚಾಕ ಬರಂಗಿಲ್ಲ, ಸಾಹೇಬಗ ಏನ್ ಬೂದಿ ಬಡಸ್ತೀರಿ? ಸುಮ್ಮನ ಕುಂದರ್ರಿ. ಜ್ವಾಳದ ರೊಟ್ಟಿ, ಎಣಗಾಯಿ ನಾ ಮಾಡ್ತೀನಿ."

"ಅವರು ಇಟಲ್ಯಾಗ ಇದ್ದು ಬಂದಾರ! ಎಲ್ಲಾ ಅಸಲಿ ಆಗಬೇಕು. ನಕಲಿ ಆತಂದ್ರ ನೌಕರಿ ಹೋಗತೈತಿ."

"ಹಂಗಾರ ಜವಿಗೋದಿ ರವಾ ತಗೋರಿ. ಕುದ್ರೂ ಗಟ್ಟಿ ನಿಲ್ಲತೈತಿ."

"ಜವಿಗೋದಿ ನಮ್ಮ ಹೊಲದ್ದು. ಅದ್ಹೆಂಗ ಅಸಲಿ ಆಗತೈತಿ? ಇಟಲೀದು ಬೆಳ್ಳಗಿತ್ತು. ಮೈದಾ ಹಿಟ್ಟ ಬೇಕು."

ಅವಳು ಹಣೆ ಚಚ್ಚಿಕೊಂಡಳು. ನಾನು ಮೈದಾ ತಂದೆ. ಲಿಂಗಸುಗೂರಿನ ಔಷಧದ ಅಂಗಡಿಯಿಂದ ಆಲಿವ್ ಎಣ್ಣೆಯ ಚಿಕ್ಕ ಶೀಶೆ ತರಿಸಿದೆ. (ಕಿವಿನೋವು ಯಾರಿಗೆ ಎಂದು ಅಂಗಡಿಯವನು ಕೇಳಿದನಂತೆ.) ಚೀಸ್ ಇದೆಯೇ ಎಂದು ಕಿರಾಣಿಯ ಜಂಗ್ಲಿಸಾಬನನ್ನು ಕೇಳಿದೆ. "ಕೌನ್ಸಾ ಚೀಜ್, ಸಾಬ್?" ಎಂದು, ಯಾವ ವಸ್ತು ಬೇಕೋ ಆರಿಸಿಕೊಳ್ಳಿ ಎಂಬಂತೆ ಅವನು ಇಡೀ ಅಂಗಡಿಯನ್ನೇ ತೋರಿಸಿದ. ಅದರ ಬದಲು ಶೇಂಗಾ ಪುಡಿ ಉದುರಿಸುವುದೆಂದು ನಿರ್ಧರಿಸಿದೆ. ಅಸಲಿತನಕ್ಕೆ ಬಿದ್ದ ಆ ಒಂದು ತೂತು ಮುಚ್ಚಲು ಶೇಂಗಾವನ್ನು ಎರಡೆರಡು ಸಲ ಕುಟ್ಟಿದೆ.

ಆಯ್ತವಾರ ಬೆಳಿಗ್ಗೆ ಮನೆಯಲ್ಲಿದ್ದ ಒಂದೇ ಛತ್ರಿಯ ಬಟ್ಟೆ ಬಿಚ್ಚಿ ಕಡ್ಡಿ ಕಿತ್ತೆ. "ಮಳಿಗಾಲದಾಗ ತಲಿ ಮ್ಯಾಲೆ ಏನ್ ಹಿಡೀತೀರಿ, ಮ್ಯಾಕರೋನಿನ?" ಎಂದು ಕೇಳಿ, ಪಿಂಗಾಣಿ ತಾಟು ಕೇಳಿ ತರಲು ಗುರುಲಿಂಗಮ್ಮ ಪಕ್ಕದ ಜೈನಾಬಿಯ ಮನೆಗೆ ಹೋದಳು. ನಾನು ಕಡ್ಡಿಗೆ ಕಣಕ ಸುತ್ತಿ ಉಜ್ಜಿದೆ. ಸುಳ್ಳೇಕೆ, ಕೊಳವೆಗಳು ಲಕ್ಷಣವಾಗಿಯೇ ಬಂದವು. ಅಲ್ಲಲ್ಲಿ ತುಕ್ಕಿನ ಗೆರೆಯಿತ್ತು, ಅಷ್ಟೇ. ಕುದಿಯುವ ನೀರಿಗೆ ಹಾಕಿದೆ. ಅವು ಒಂದು ಕ್ಷಣ ತೇಲಿದವು, ನಂತರ ಒಂದನ್ನೊಂದು ತಬ್ಬಿಕೊಂಡವು, ಆಮೇಲೆ ಯಾವುದು ಯಾವುದೆಂದು ಹೇಳಲಾಗದಂತೆ ಕರಗಿದವು. ಸೌಟು ಎತ್ತಿದರೆ ಪಾತ್ರೆಯೂ ಜೊತೆಗೇ ಎದ್ದಿತು. ಲಕೋಟೆ ಅಂಟಿಸಲು ಇಡೀ ಆಫೀಸಿಗೆ ವರ್ಷಕ್ಕೆ ಸಾಲುವಷ್ಟು ಗೋಂದು ನನ್ನ ಒಲೆಯ ಮೇಲಿತ್ತು.

ಆಗಲೇ ಬೀದಿಯಲ್ಲಿ ಜೀಪಿನ ಸದ್ದು. ದಿಕ್ಕು ಕಾಣದೆ ತಿರುಗಿದ ಕಣ್ಣಿಗೆ ಮೂಲೆಯ ತಗಡಿನ ಡಬ್ಬಿ ಬಿತ್ತು.

ಆ ಡಬ್ಬಿಯ ವಿಷಯ ಹೇಳಬೇಕು. ನಮ್ಮ ಕಡೆ ಮದುವೆಯ ಹೆಣ್ಣು ಗಂಡನ ಮನೆಗೆ ಹೋಗುವಾಗ ಗೌಲಿ, ಪರಡಿ ಒಯ್ಯುತ್ತಾಳೆ. ಜವೆಗೋಧಿಯ ಕಣಕವನ್ನು ಹೆಂಗಸರು ಬೆರಳ ತುದಿಯಲ್ಲಿ ಹೊಸೆದು, ಜೀರಿಗೆಯಂಥ ಗೌಲಿ, ಪುಟ್ಟ ಬಟ್ಟಲಿನಂಥ ಪರಡಿ ಮಾಡಿ ಒಣಗಿಸಿಡುತ್ತಾರೆ. ಮುಂದೆ ಬೆಲ್ಲ ಹಾಲು ಹಾಕಿ ಅದರ ಹುಗ್ಗಿ. ತನ್ನ ತಂಗಿ ಪಂಪಮ್ಮನ ಮದುವೆಗೆಂದು ಗುರುಲಿಂಗಮ್ಮ ಬೇಸಿಗೆಯಿಡೀ ಬೆರಳು ಸವೆಸಿ ಹೊಸೆದದ್ದು ಆ ಡಬ್ಬಿಯಲ್ಲಿತ್ತು. ಮದುವೆಗೆ ಮುಂಚೆ ಅದನ್ನು ಯಾರೂ ಮುಟ್ಟಬಾರದು. ಮುಟ್ಟಿದವನ ಗತಿ ಏನೆಂದು ಶಾಸ್ತ್ರ ಹೇಳಿಲ್ಲ, ಗುರುಲಿಂಗಮ್ಮ ಹೇಳಿದ್ದಳು.

ಸಾಹೇಬರನ್ನು ಪಡಸಾಲೆಯಲ್ಲಿ ಕೂಡಿಸಿ ಒಳಗೆ ಓಡಿ ಬಂದೆ. ಒಂದೇ ಹಿಡಿ ತೆಗೆದರೆ ತಿಳಿಯಲಿಕ್ಕಿಲ್ಲ ಎಂದುಕೊಂಡೆ. ಹೆದರಿದ ಕೈಗೆ ಲೆಕ್ಕ ಎಲ್ಲಿಯದು? ಡಬ್ಬಿ ಅರ್ಧವಾಯಿತು. ಗೌಲಿ ಪರಡಿ ಬೇರೆ ನೀರಿನಲ್ಲಿ ಕುದ್ದು ಬಿಡಿಬಿಡಿಯಾಗಿ, ಗಟ್ಟಿಯಾಗಿ ನಿಂತವು. ಟಮಾಟಿ, ಬೆಳ್ಳುಳ್ಳಿ, ಕಿವಿಯ ಎಣ್ಣೆ, ಮೇಲೆ ಶೇಂಗಾ ಪುಡಿ. ಗೋಂದಿನ ಪಾತ್ರೆಯನ್ನು ಬೀಸುವ ಕಲ್ಲಿನ ಹಿಂದೆ ತಳ್ಳಿದೆ. ಗುರುಲಿಂಗಮ್ಮ ಹಿತ್ತಲ ಬಾಗಿಲಿಂದ ಬಂದು ತಾಟು ನನ್ನ ಕೈಗಿತ್ತು, ಕೈಕಾಲು ತೊಳೆಯಲು ಹೋದಳು. ಬಡಿಸಿ ಹೊರಗೆ ತಂದುಕೊಟ್ಟು ಸಾಹೇಬರ ಗಂಟಲನ್ನೇ ನೋಡುತ್ತಾ ನಿಂತೆ.

ಅವರು ಕಣ್ಣು ಮುಚ್ಚಿದರು. ಸತ್ತೆ ಎಂದುಕೊಂಡೆ.

"ವಾಹ್! ಇದು ಅಸಲಿ! ಇಟಲಿಯ ದಕ್ಷಿಣದಾಗ ಹಳ್ಳಿ ಹೆಣ್ಣಮಕ್ಕಳು ಹಿಂಗೇ ಕೈಲೆ ಹೊಸೀತಾರ. ಹಿಂಥಾದ್ದೇ ಗಟ್ಟಿ ಗೋದಿ. ಕರಿಬಸಪ್ಪ, ಇದನ್ನ ಹೊಸೆದವರು ಯಾರು?"

'ನನ್ನ ಹೆಂಡತಿ' ಎಂಬ ಸತ್ಯ ನಾಲಿಗೆಯ ತುದಿಗೆ ಬಂತು. ಆದರೆ ಅಡಿಗೆಮನೆಯ ಪರದೆಯ ಹಿಂದೆ ಬಳೆಯ ಸದ್ದಾಯಿತು. ಆ ಎರಡು ಮಾತು ಆಡಿದರೆ ಡಬ್ಬಿ ತೆರೆದದ್ದು ಅವಳಿಗೆ ತಿಳಿಯುತ್ತಿತ್ತು.

"ನಾನರೀ," ಎಂದೆ.

"ಸ್ವತಃ ನೀವು?"

"ಸ್ವತಃ ರೀ. ಇಟಲಿ ಅಜ್ಜಿ ಕಲಿಸ್ಯಾಳರೀ."

ಪರದೆ ಸರಿಯಿತು. ಗುರುಲಿಂಗಮ್ಮ ನೀರಿನ ಚರಿಗೆ ಹಿಡಿದು ಬಂದು ಸಾಹೇಬರ ತಾಟಿನ ಕಡೆ ನೋಡಿದಳು. ತಾನು ಹೊಸೆದ ಗೌಲಿಯನ್ನು ಅವಳು ಕಣ್ಣು ಕಟ್ಟಿದರೂ ಗುರುತಿಸಬಲ್ಲಳು. ಅವಳು ಬೈಯದೆ ನಿಂತದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ. ಇಟಲಿಯಲ್ಲಿ ಫಿರಂಗಿ ಹಾರಿದಾಗಲೂ ನಾನು ಅಷ್ಟು ಹೆದರಿದ್ದಿಲ್ಲ.

ಸಾಹೇಬರು ತಾಟು ಬಳಿದರು. "ಕರಿಬಸಪ್ಪ, ಇಂಥಾ ಹುನ್ನರಿನ ಮನಿಷ್ಯಾನ್ನ ಗುಮಾಸ್ತ ಮಾಡಿ ಕೂಡಿಸಿದ್ದು ನಮ್ಮ ಗುನ್ಹೆ. ಮೇಹಮಾನರು ಇಳಿಯೂ ಹೊಸಾ ಬಂಗ್ಲೆಕ್ಕ ಖಾನ್‌ಸಾಮಾ ಜಾಗಾ ಮಂಜೂರಾಗೇದ. ಅಡಿಗಿಮನಿ ಪೂರಾ ನಿಮ್ಮ ಕೈಯಾಗ. ಖಾಯಂ ನೌಕರಿ! ನಾಳೇನೇ ಹುಕುಂ ಮಾಡ್ತೀನಿ."

"ಸಾಹೇಬ್ರ, ನಾ ಗುಮಾಸ್ತ ಅದೀನ್ರೀ, ಬರವಣಿಗಿ ಕೆಲಸ..." ಎಂದು ತೊದಲಿದೆ. ಒಂದು ಮಾತು ಹೇಳಿ ಉಳಿಸು ಎಂದು ಗುರುಲಿಂಗಮ್ಮನ ಕಡೆ ಕಣ್ಣಲ್ಲೇ ಬೇಡಿಕೊಂಡೆ.

ಅವಳು ಹೇಳಿದಳು: "ಭಾಳ ಚಲೋ ಆತ್ರೀ ಸಾಹೇಬ್ರ. ನಮ್ಮನಿಯಾಗ ಹೊಸಿಯೂದೆಲ್ಲಾ ಇವರದ ಕೆಲಸರೀ. ನನ್ನ ತಂಗಿ ಮದಿವಿಗೆ ಗೌಲೀನೂ ಇವರ ಹೊಸ್ಯಾಕತ್ತ್ಯಾರ. ನಾಳಿಂದ ಮತ್ತ ಕುಂದರ್ತಾರ. ಹೌದಲ್ಲರೀ?"

"ಹೌದು," ಎಂದಿತು ನನ್ನದಲ್ಲದ ಒಂದು ದನಿ.

ಕುಳಿತೆ. ಓಣಿಯ ಹೆಂಗಸರ ನಡುವೆ ಪಡಸಾಲೆಯಲ್ಲಿ ಕುಳಿತು, ಬೆರಳು ಬೊಬ್ಬೆ ಬರುವಂತೆ ಹೊಸೆದೆ. ಸಂತೆಕಲ್ಲೂರಿನಿಂದ ಬಂದ ಅತ್ತೆ ನನ್ನ ಗೌಲಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, "ಯವ್ವಾ, ಇದೇನ ಗೌಲೀನೋ ಇಲಿ ಹಿಕ್ಕಿನೋ?" ಎಂದು ಕೋಳಿಗೆ ಎಸೆದರು. ಕೋಳಿ ಕುಕ್ಕಿ ನೋಡಿ ಬಿಟ್ಟುಹೋಯಿತು. ಕಡೆಗೆ ಹೆಂಗಸರೇ ಹೊಸೆದು ಡಬ್ಬಿ ತುಂಬಿಸಿದರು, ಅದು ಪಂಪಮ್ಮನ ಜೊತೆ ಗುರುಗುಂಟಾಕ್ಕೆ ಹೋಯಿತು. ಗುರುಲಿಂಗಮ್ಮನೂ ತಂಗಿಯ ಜೊತೆ ಹೋಗಿದ್ದಾಳೆ, ಬರುವ ದಿನ ಹೇಳಿಲ್ಲ.

ಈಗ ನಾನು ಬಂಗಲೆಯಲ್ಲಿ ಬಿಳಿ ರುಮಾಲು ಸುತ್ತಿಕೊಂಡು ಕುಳಿತಿದ್ದೇನೆ. ಇದುವರೆಗೆ ಬಂದ ಮೇಹಮಾನರಿಗೆ ಉಪ್ಪಿಟ್ಟು ಮಾಡಿ ದಾಟಿಸಿದ್ದೆ. ಇಂದು ಬೆಳಿಗ್ಗೆ ಸಾಹೇಬರು ಬಂದು ಬೆನ್ನು ತಟ್ಟಿದರು. ಕಾಲುವೆಯ ತೂಬು ನೋಡಲು ನಾಳೆ ಒಬ್ಬ ಎಂಜಿನಿಯರು ಹೆಂಡತಿಯ ಜೊತೆ ಬರುತ್ತಿದ್ದಾರಂತೆ, ಖಾಸಾ ಇಟಲಿಯವರೇ. ಆಯಮ್ಮನಿಗೆ ಅಡಿಗೆಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು, ನಾನು ಹೊಸೆಯುವುದನ್ನು ಕಣ್ಣಾರೆ ನೋಡಬೇಕೆಂದು ಆಸೆಯಂತೆ.

ಹಂಗಾಮಿ ನೌಕರನಾಗಿದ್ದರೆ ಇಷ್ಟೊತ್ತಿಗೆ ಊರು ಬಿಟ್ಟು ಓಡಿಹೋಗಿರುತ್ತಿದ್ದೆ. ಖಾಯಂ ಆದವನು ಎಲ್ಲಿಗೆ ಓಡಬೇಕು?