ರಾಗಿ ಮಣ್ಣಿ ಅನ್ನವಲ್ಲ

ಸಂಶಯಪಡುವುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಮೊದಲು ದೇವರ ಮೇಲೆ ಪಟ್ಟೆ, ಆಮೇಲೆ ಜಾತಕದ ಮೇಲೆ; ಈಗ ನಲವತ್ತರ ಹತ್ತಿರ ಬಂದಾಗ ಸಂಶಯಕ್ಕೆ ಉಳಿದಿರುವುದು ನನ್ನ ನೆನಪು ಮಾತ್ರ. ಗ್ಯಾಸ್ ಆರಿಸಿದೆನೇ ಎಂದು ಕಾಲೇಜಿನ ಗೇಟಿನಿಂದ ಮನೆಗೆ ವಾಪಸು ಬಂದು ನೋಡುವವನು ನಾನು. ಆರಿಸಿಯೇ ಇರುತ್ತೇನೆ. ಹಾಗೆ ನೋಡಲು ಬಂದಿದ್ದೆ ಎಂಬುದು ಮರುದಿನ ನೆನಪಿರುವುದಿಲ್ಲ. ಇಂಥವನ ಮನೆಯಲ್ಲಿ ಮಗಳಿಗೆ ಮೊದಲ ತುತ್ತು ತಿನ್ನಿಸುವ ಪ್ರಸಂಗ ಬಂತು.

ಆರು ತಿಂಗಳು ತುಂಬಿದೊಡನೆ ಹಾಲಿನ ಜೊತೆ ಮೆತ್ತಗಿನ ಆಹಾರ ಶುರುಮಾಡಿ ಎಂದಿದ್ದರು ಡಾಕ್ಟರು. ಇಡಗುಂಜಿಯ ಪ್ರಸಾದದ ಪಾಯಸವೇ ಮೊದಲ ತುತ್ತಾಗಬೇಕು ಎಂದಿದ್ದಳು ಆಯಿ, ಅಂದರೆ ನನ್ನ ತಾಯಿ. ಎರಡಕ್ಕೂ ಹೊಂದುವ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಕತಗಾಲದಲ್ಲಿ ನಾನು ಮುಖವನ್ನೇ ನೋಡಿರದ ದಾಯಾದಿಯೊಬ್ಬರು ತೀರಿಕೊಂಡು ನಮಗೆ ಸೂತಕ ಬಂತು. ಅನ್ನಪ್ರಾಶನ ಹದಿನೈದು ದಿನ ಮುಂದೆ ಹೋಯಿತು.

"ಅಲ್ಲಿವರೆಗೆ ಕೂಸಿನ ಬಾಯಿಗೆ ಎಂತದೂ ಹಾಕಲಾಗ. ಮಾತು ಕೊಡು" ಎಂದಳು ಆಯಿ.

"ಆತು" ಎಂದೆ. ದೇವರಿಗೆ ಕೊಟ್ಟ ಮಾತಾಗಿದ್ದರೆ ನಾನು ಹೆದರುತ್ತಿರಲಿಲ್ಲ. ಕೊಟ್ಟದ್ದು ಆಯಿಗೆ.

ಮಗಳು ಮಾತ್ರ ಯಾರಿಗೂ ಮಾತು ಕೊಟ್ಟಿರಲಿಲ್ಲ. ನಾನು ದೋಸೆ ತಿನ್ನಲು ಕೂತರೆ ಅವಳ ಕಣ್ಣು ತಟ್ಟೆಯಿಂದ ನನ್ನ ಬಾಯಿಗೆ, ಬಾಯಿಂದ ತಟ್ಟೆಗೆ ಓಡಾಡುತ್ತಿತ್ತು. ನಾನು ಅಗಿದರೆ ಅವಳೂ ಅಗಿಯುತ್ತಿದ್ದಳು, ಖಾಲಿ ಬಾಯಿಯನ್ನು. ಮೂರು ದಿನ ಗೋಡೆಗೆ ಮುಖಮಾಡಿ ತಿಂದೆ. ಆಮೇಲೆ ನನ್ನ ವಿದ್ಯೆ ನೆರವಿಗೆ ಬಂತು. ಆಯಿ ಕಾಯುತ್ತಿರುವುದು ಅನ್ನಪ್ರಾಶನಕ್ಕೆ, ರಾಗಿ ಅನ್ನವಲ್ಲ! ಆಯಿ ಪಕ್ಕದ ಮನೆಗೂ ಹೆಂಡತಿ ದರ್ಜಿಯ ಹತ್ತಿರವೂ ಹೋಗಿದ್ದ ಹೊತ್ತು ನೋಡಿ ರಾಗಿ ಹಿಟ್ಟು ಕದಡಿ ಮಣ್ಣಿ ಕಾಸಿದೆ. ಗಂಟುಗಂಟಾಯಿತು, ಸೋಸಿದೆ. ಮೊದಲ ಚಮಚವನ್ನು ಅವಳ ನಾಲಿಗೆ ನೇರ ನನ್ನ ಅಂಗಿಗೆ ಕಳಿಸಿತು. ಎರಡನೆಯದು ಅವಳ ಗಲ್ಲಕ್ಕೆ ಹೋಯಿತು. ಮೂರನೆಯದನ್ನು ಸ್ವಲ್ಪ ಹೊತ್ತು ಯೋಚಿಸಿ ನುಂಗಿದಳು. ನನ್ನ ಕಣ್ಣು ತುಂಬಿತು. ಈ ಲೋಕದ ಊಟದ ಪಂಕ್ತಿಯಲ್ಲಿ ಅವಳನ್ನು ಕೂರಿಸಿದವನು ನಾನು! ಆಮೇಲೆ ಪಾತ್ರೆ ತೊಳೆದೆ, ಚಮಚ ತೊಳೆದೆ, ಅಂಗಿ ಬದಲಿಸಿದೆ. ಮರುದಿನವೂ ಕೊಟ್ಟೆ, ಅದರ ಮರುದಿನವೂ.

"ಪಾಪ, ಕೂಸಿಗೆ ಎಷ್ಟು ತಾಳ್ಮೆ ಇದ್ದು!" ಎಂದು ಆಯಿ ಸಂಜೆ ಹೊತ್ತು ಮೊಮ್ಮಗಳ ತಲೆ ಸವರುವಾಗ ನಾನು ಪತ್ರಿಕೆಯ ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದೆ.

ಕೊನೆಗೂ ಇಡಗುಂಜಿಗೆ ಹೋದೆವು. ಆಯಿ ಪಾಯಸದ ಚಮಚ ಎತ್ತುವ ಮೊದಲೇ ಮಗಳು ಬಾಯಿ ತೆರೆದು ಕಾದಿದ್ದಳು. ನುಂಗಿದಳು, ತುಟಿ ಚಪ್ಪರಿಸಿದಳು, ಬಟ್ಟಲನ್ನೇ ಹಿಡಿದೆಳೆದಳು.

"ಬೇರೆ ಮಕ್ಕ ಮೋರೆ ಕಿವುಚ್ತ. ಈ ಕೂಸಿಗೆ ಅನುಭವ ಇದ್ದಾಂಗೆ ಕಾಣ್ತು" ಎಂದು ಭಟ್ಟರು ನಕ್ಕರು. ನಾವು ಮೂವರೂ ಅಗತ್ಯಕ್ಕಿಂತ ಜೋರಾಗಿ ನಕ್ಕು, ಮೂರು ದಿಕ್ಕಿಗೆ ನೋಡಿದೆವು.

ವಾಪಸು ಬರುವಾಗ ಹೊನ್ನಾವರದ ಸೇತುವೆಯ ಮೇಲೆ ನನಗೆ ತಡೆಯಲಾಗಲಿಲ್ಲ. "ಆಯಿ, ತಪ್ಪಾತು. ಆನು ಮೊದ್ಲೇ ರಾಗಿ ಮಣ್ಣಿ ಕೊಟ್ಟಿದ್ದಿ. ರಾಗಿ ಅನ್ನ ಅಲ್ಲ ಹೇಳಿ..."

"ರಾಗಿ ಅನ್ನ ಅಲ್ದಡ! ಕಾಲೇಜಲ್ಲಿ ಇದೇ ಪಾಠ ಮಾಡ್ತ್ಯ? ಯಾವತ್ತು ಕೊಟ್ಟೆ?"

"ಸರಿ ನೆನಪಿಲ್ಲೆ. ಮಂಗಳವಾರ ಆಗಿಕ್ಕು."

ಹಿಂದಿನ ಸೀಟಿನಿಂದ ಹೆಂಡತಿ ಮೆಲ್ಲಗೆ, "ಹಂಗಾರೆ ಮೊದ್ಲು ಆನೇ. ಸೋಮವಾರ ಬಾಳೆಹಣ್ಣು ಕೊಟ್ಟಿದ್ದಿ" ಎಂದಳು.

ಆಯಿ ಸೆರಗು ಸರಿಮಾಡಿಕೊಂಡಳು. "ನಿಂಗಳದ್ದೆಲ್ಲ ಆಮೇಲಿಂದು. ಆನು ಶುಕ್ರವಾರನೇ ಗಂಜಿ ತಿಳಿ ಕುಡಿಸಿದ್ದಿ."

ತಿಳಿ ಬರೀ ನೀರು, ಅದು ಆಹಾರವಲ್ಲ ಎಂದು ನಾನು ಆಕ್ಷೇಪಿಸಿದೆ.

"ಎರಡು ಅಗಳು ಹಿಸುಕಿ ಹಾಕಿದ್ದಿ" ಎಂದಳು ಆಯಿ, ಬಿಟ್ಟುಕೊಡದೆ.

ಒಂದು ಗಳಿಗೆ ಮೊದಲು ಅಪರಾಧವಾಗಿದ್ದದ್ದು ಈಗ ಪದವಿಯಾಗಿತ್ತು. ಮೂವರೂ ಅದಕ್ಕೆ ಹಕ್ಕುದಾರರು. ಕದ್ದು ಮಾಡಿದ ಕೆಲಸವಾದ್ದರಿಂದ ಯಾರ ಹತ್ತಿರವೂ ಸಾಕ್ಷಿಯಿಲ್ಲ. ಇದ್ದೊಬ್ಬಳು ಸಾಕ್ಷಿ ನಿದ್ದೆಹೋಗಿದ್ದಳು. ಸರಿಯಾಗಿ ಯೋಚಿಸಿದರೆ ಅದು ಮಂಗಳವಾರವಲ್ಲ, ಅದರ ಹಿಂದಿನ ಭಾನುವಾರ ಎಂದೆ. ಯಾರೂ ಒಪ್ಪಲಿಲ್ಲ. ಕುಮಟೆಯ ನಮ್ಮ ಮನೆ ಮುಟ್ಟುವಷ್ಟರಲ್ಲಿ ನನ್ನ ಮಂಗಳವಾರ ಇನ್ನೂ ಹಿಂದೆ ಸರಿದು, ಆಯಿಯ ಶುಕ್ರವಾರವನ್ನೂ ದಾಟಿ, ಗುರುವಾರಕ್ಕೆ ಬಂದು ನಿಂತಿತ್ತು. ಕಷ್ಟವೇನೆಂದರೆ, ಆ ಗುರುವಾರ ಈಗ ನನಗೆ ನಿಜವಾಗಿಯೂ ಚೆನ್ನಾಗಿ ನೆನಪಿದೆ.