ಪೇಪರ್ ಕೇಳುತ್ತಿದ್ದ ಗಿಳಿ

ಡ್ರೈವರಣ್ಣ ಆ ಮಾತನ್ನು ಮೆಟ್ಟಿಲ ಮೇಲೆ ನಿಂತು ಆಡಬಾರದಿತ್ತು. ಆ ವಠಾರದಲ್ಲಿ ಮೆಟ್ಟಿಲಿಗೂ ಕಿವಿಯಿದೆ. "ನಾಳೆ ಮಗಳ ಊರಿಗೆ ಹೊರಟುಬಿಡ್ತೀವಿ, ಈ ಊರನ್ನ ನಾನು ಒಂದು ಸಲಾನೂ ಸರಿಯಾಗಿ ನೋಡಲಿಲ್ಲ ಕಣೇ," ಎಂದು ಹೆಂಡತಿಗೆ ಹೇಳಿದ್ದಷ್ಟೇ. ಕೆಳಮನೆಯ ನಿವೃತ್ತ ಮೇಷ್ಟ್ರು ಕದ ತೆರೆದರು. ಎದುರುಮನೆಯ ಅಕ್ಕ ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಓಡಿಬಂದರು.

ಮಾತು ಸುಳ್ಳಾಗಿರಲಿಲ್ಲ. ತಲೆ ಕಪ್ಪಗಿದ್ದಾಗ ಹಿಡಿದ ಬಸ್ಸಿನ ಸ್ಟೇರಿಂಗನ್ನು ಬೆಳ್ಳಗಾದ ಮೇಲೆ ಬಿಟ್ಟವನು ಅವನು. ಅಷ್ಟೂ ವರ್ಷ ಒಂದೇ ದಾರಿ. ಕಂಡದ್ದು ರಸ್ತೆ, ಸಿಗ್ನಲ್ಲು, ಮುಂದಿನ ಗಾಡಿಯ ಹಿಂಭಾಗ. ಎಡಬಲದಲ್ಲಿ ಏನಿದೆಯೆಂಬುದು ಗೊತ್ತಾದದ್ದೆಲ್ಲ ಹೆಂಡತಿಯ ಬಾಯಿಂದ. ಅವಳು ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ಅದೇ ಬಸ್ಸಿನಲ್ಲಿ, ಅವನ ಬೆನ್ನ ಹಿಂದಿನ ಸೀಟಿನಲ್ಲೇ ಹೋಗಿಬರುತ್ತಿದ್ದಳು. ಊಟಕ್ಕೆ ಕೂತಾಗ ಅಂದು ಕಿಟಕಿಯಾಚೆ ಕಂಡದ್ದನ್ನು ಬಡಿಸುತ್ತಿದ್ದಳು. ಸೇತುವೆ ದಾಟಿದ ಮೇಲೆ ಸಿಗುವ ಬಾಲ್ಕನಿಯಲ್ಲಿ ಗಿಳಿಗೆ ದಿನವೂ ಪೇಪರ್ ಓದಿ ಹೇಳುವ ಮುದುಕ. ಹಳದಿ ಮನೆಯ ಹೊರಮೆಟ್ಟಿಲ ಮೇಲೆ ಮುಗಿಯದ ಸ್ವೆಟರ್ ಹೆಣೆಯುತ್ತ ಕೂರುವ ಹೆಂಗಸು. ಅವರನ್ನೊಮ್ಮೆ ಕಣ್ಣಾರೆ ಕಾಣದೆ ಊರು ಬಿಡಲು ಅವನಿಗೆ ಮನಸ್ಸಿರಲಿಲ್ಲ. ಮನೆಯವರನ್ನೇ ಬಿಟ್ಟು ಹೊರಟಂತೆ ಎದೆ ಭಾರವಾಗಿತ್ತು.

"ನಮ್ಮ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಒಂದು ಸಲ ಹೋಗಿಬಂದರೆ ಸಾಕು," ಎಂದ.

"ಬಸ್ಸಲ್ಲಿ ಏನ್ರೀ ನೋಡೋದು?" ಎಂದರು ಮೇಷ್ಟ್ರು. "ಗಡಿಯಾರದ ಗೋಪುರ ಹತ್ತದೆ ಊರು ಬಿಟ್ಟೆ ಅಂದ್ರೆ ನಕ್ಕಾರು ಜನ."

"ಕೆರೇಲಿ ದೋಣಿ ಹತ್ತಿಸ್ಬೇಕು ಅಣ್ಣನ್ನ," ಎಂದರು ಅಕ್ಕ.

ಹೆಂಡತಿ ಅಡ್ಡ ಬರುತ್ತಾಳೆಂದು ಡ್ರೈವರಣ್ಣ ಕಾದ. ಗಂಟುಮೂಟೆ ಕಟ್ಟುವುದು ಇನ್ನೂ ಬಾಕಿಯಿತ್ತು. ಆದರೆ ಅವಳು, "ಅವರು ಹೇಳೋದೇ ಸರಿ ರೀ. ಗೋಪುರ ನೋಡಿ, ದೋಣಿ ಹತ್ತಿ. ಬಸ್ಸು ಬೇಡ," ಎಂದುಬಿಟ್ಟಳು. ಗೋಪುರದ ಹೆಸರೆತ್ತಿದರೇ ತಲೆ ಸುತ್ತುತ್ತದೆ ಎನ್ನುತ್ತಿದ್ದವಳು.

ಗೋಪುರದ ಅರ್ಧದಲ್ಲಿ ಅವನ ಮಂಡಿ ಕೈಕೊಟ್ಟಿತು. ಮೇಷ್ಟ್ರು ಮೇಲೆ ಹೋಗಿ, ಕಂಡದ್ದನ್ನೆಲ್ಲ ಪಾಠದ ಧಾಟಿಯಲ್ಲಿ ಕೂಗಿ ಹೇಳಿದರು. ಅವನು ಗೋಡೆಗೊರಗಿ ಕೂತು ಹ್ಞೂಂಗುಟ್ಟಿದ. ದೋಣಿಯಲ್ಲಿ ಎಲ್ಲರೂ ಒಕ್ಕೊರಲಿನಿಂದ, "ಡ್ರೈವರ್ ಇರೋವಾಗ ನಮಗೇನು ಚಿಂತೆ," ಎಂದು ಹುಟ್ಟನ್ನು ಅವನ ಕೈಗೇ ಕೊಟ್ಟರು. ಕೆರೆಯನ್ನು ಅವರು ನೋಡಿದರು. ಅವನು ಎದುರು ಬರುವ ದೋಣಿಗಳನ್ನು ನೋಡಿದ. ಇಳಿಯುವಾಗ ಒಂದು ಚಪ್ಪಲಿ ನೀರುಪಾಲಾಯಿತು.

ಹೊತ್ತು ಇಳಿಯುತ್ತಿತ್ತು. ಬರಿಗಾಲೊಂದನ್ನು ಎತ್ತಿ ಇಡುತ್ತ ಡ್ರೈವರಣ್ಣ ಬಸ್ ನಿಲ್ದಾಣದ ಕಡೆ ತಿರುಗಿದ. "ಇನ್ನು ನಾನು ಯಾರ ಮಾತೂ ಕೇಳಲ್ಲ," ಎಂದ. ಅವನು ಹಾಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಹಿಂದೆ ನಡೆದರು. ಹೆಂಡತಿ ಎಲ್ಲರಿಗಿಂತ ಹಿಂದಿದ್ದಳು.

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹೆಂಡತಿ ಪಕ್ಕದಲ್ಲಿ ಕೂತಳು. ಮೇಷ್ಟ್ರು, ಅಕ್ಕ ಹಿಂದಿನ ಸೀಟು ಹಿಡಿದರು. ಬಸ್ಸು ಹೊರಟಾಗ ಅವನ ಕಣ್ಣು ತಾನಾಗಿಯೇ ರಸ್ತೆಗೆ ಹೋಯಿತು. ಸಿಗ್ನಲ್ ಬಂದಲ್ಲೆಲ್ಲ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕತ್ತನ್ನು ಕೈಯಿಂದ ಹಿಡಿದು ತಿರುಗಿಸಿಕೊಂಡ ಹಾಗೆ ಕಿಟಕಿಗೆ ಮುಖ ಮಾಡಿದ.

ಬಸ್ಸು ಸೇತುವೆ ದಾಟಿತು. ಉದ್ದಕ್ಕೂ ಗೋಡೆ. ಬಾಲ್ಕನಿ ಇರಲಿಲ್ಲ.

"ಮೇಷ್ಟ್ರೇ, ಇಲ್ಲೊಂದು ಬಾಲ್ಕನಿ ಇತ್ತಲ್ಲ, ಯಾವಾಗ ಕೆಡವಿದ್ರು?"

"ಬಾಲ್ಕನೀನಾ? ನಾನು ಚಡ್ಡಿ ಹಾಕೋ ಕಾಲದಿಂದ ಇಲ್ಲಿರೋದು ಐಸ್ ಫ್ಯಾಕ್ಟರಿ ಗೋಡೆನೇ."

ಹಳದಿ ಮನೆಯೂ ಬರಲಿಲ್ಲ. ಅದಿರಬೇಕಾದ ಕಡೆ ಟೈರುಗಳ ರಾಶಿ, ಅದರ ನಡುವೆ ಬೆಳೆದು ದೊಡ್ಡದಾದ ಮರ. ಡ್ರೈವರಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನಾನು ಕಿಟಕಿಯಾಚೆ ನೋಡ್ತಾನೇ ಇರಲಿಲ್ಲ ರೀ," ಎಂದಳು ಮೆಲ್ಲಗೆ.

"ಮತ್ತೇನು ನೋಡ್ತಿದ್ದೆ?"

"ಬಸ್ಸಿನ ಕನ್ನಡೀಲಿ ನಿಮ್ಮ ಮುಖ. ಬೆಳಗಿನ ಜಾವ ಎದ್ದು ಬರೋರು, ಎಲ್ಲಿ ತೂಕಡಿಸ್ತೀರೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತಿದ್ದೆ. ಮನೆಗೆ ಬಂದ್ರೆ ನೀವು ಕಲ್ಲಿನ ಹಾಗೆ ಕೂರ್ತಿದ್ರಿ. ಒಂದು ದಿನ ಸುಮ್ನೆ ಗಿಳಿ ಕತೆ ಹೇಳ್ದೆ, ನಕ್ಕುಬಿಟ್ರಿ. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ."

ಅವನು ಕತ್ತು ಹೊರಳಿಸಿ, ಹಿಂದೆ ಉಳಿದ ಸೇತುವೆಯ ಕಡೆ ನೋಡಿದ.

"ಗಿಳಿ ಸತ್ತುಹೋಯ್ತು ಅಂದೆಯಲ್ಲ. ಅವತ್ತು ನಾನು ಊಟ ಬಿಟ್ಟು ಎದ್ದೆ."

"ನೀವು ದಿನಾ ವಿಚಾರಿಸೋಕೆ ಶುರು ಮಾಡಿದ್ರಿ. ಇವತ್ತು ಯಾವ ಸುದ್ದಿ ಓದಿದ, ಗಿಳಿ ಏನಂತು ಅಂತ. ಎಲ್ಲಿಂದ ತರಲಿ ರೀ? ಸಾಯಿಸಿದ್ರೆ ಸುಮ್ಮನಾಗ್ತೀರಿ ಅಂದ್ಕೊಂಡೆ. ನೀವು ಆ ಮುದುಕನ್ನ ನೋಡಿ ಸಮಾಧಾನ ಹೇಳ್ಬೇಕು ಅಂತ ಕೂತ್ರಿ."

ಡ್ರೈವರಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತ. ತಾನು ರಸ್ತೆ ನೋಡಿದಷ್ಟೇ ವರ್ಷ ಇವಳು ತನ್ನನ್ನು ನೋಡಿದ್ದಳು.

"ಕೊನೇ ಸ್ಟಾಪ್, ಇಳ್ಕೊಳ್ಳಿ," ಎಂದ ಕಂಡಕ್ಟರ್. ಕಿಟಕಿಯಾಚೆ ಊರು ಪೂರ್ತಿ ದಾಟಿಹೋಗಿತ್ತು. ಅವನು ನೋಡಿರಲಿಲ್ಲ.

"ಊರು ನೋಡಿದ್ದಾಯ್ತಾ?" ಎಂದು ಕೇಳಿದರು ಮೇಷ್ಟ್ರು.

"ಇಲ್ಲ," ಎಂದ. ಬರಿಗಾಲನ್ನು ಮೆಲ್ಲಗೆ ನೆಲಕ್ಕಿಟ್ಟು ಇಳಿದು, ಹೆಂಡತಿಗೆ ಕೈ ಕೊಟ್ಟ. ಒಂದೆರಡು ಹೆಜ್ಜೆ ನಡೆದ ಮೇಲೆ ಯಾರಿಗೂ ಕೇಳದ ಹಾಗೆ ವಿಚಾರಿಸಿದ:

"ಆ ಹೆಂಗಸಿನ ಸ್ವೆಟರ್ ಎಲ್ಲಿಗೆ ಬಂತು?"

ಅವಳು ಯೋಚಿಸಿದಳು. "ಒಂದು ತೋಳು ಬಾಕಿ ಇದೆ. ಅವಳೂ ನಾಳೆ ಊರು ಬಿಡ್ತಾಳಂತೆ, ಅಲ್ಲಿ ಹೋಗಿ ಮುಗಿಸ್ತಾಳೆ," ಎಂದಳು.